ಹಳದಿ ಕಿವಿ ಟ್ಯಾಗ್‌ನಲ್ಲಿ ಜಿಪಿಎಸ್ ಇದೆಯೇ? ಕೊಟ್ಟಿಗೆ, ಲಾಯದ ಲೆಕ್ಕ ಮೊಬೈಲ್‌ನಲ್ಲಿ ಇಡುವುದು ಹೇಗೆ?

ದನ-ಎಮ್ಮೆಗಳ ಕಿವಿಗೆ ಹಾಕುವ ಹಳದಿ ಟ್ಯಾಗ್ ಅನ್ನು ಎಲ್ಲರೂ ನೋಡಿದ್ದೇವೆ. ‘ಅದರಲ್ಲಿ ಜಿಪಿಎಸ್ ಇದೆ, ದನ ಕಳೆದರೆ ಮೊಬೈಲ್‌ನಲ್ಲೇ ಹುಡುಕಬಹುದು’ ಎಂದು ಕೆಲವರು ಹೇಳುತ್ತಾರೆ. ‘ಆ್ಯಪ್ ಹಾಕಿಕೊಂಡರೆ ಸಾಕು, ಎಲ್ಲಾ ತಾನೇ ನೋಡಿಕೊಳ್ಳುತ್ತದೆ’ ಎನ್ನುವವರೂ ಇದ್ದಾರೆ. ಇವೆರಡೂ ನಿಜವಲ್ಲ. ಹಾಗೆಂದು ಟ್ಯಾಗ್ ಆಗಲಿ, ಆ್ಯಪ್ ಆಗಲಿ ಕೆಲಸಕ್ಕೆ ಬಾರದ ವಸ್ತುಗಳೂ ಅಲ್ಲ.

ಟ್ಯಾಗ್‌ನಲ್ಲಿ ಏನಿದೆ?

ಅದು ಪಾಲಿಯುರೆಥೇನ್ ಪ್ಲಾಸ್ಟಿಕ್ ತುಂಡು. ಅದರ ಮೇಲೆ ಬಾರ್‌ಕೋಡ್ ಮತ್ತು 12 ಅಂಕಿಗಳ ಸಂಖ್ಯೆ ಇರುತ್ತದೆ. ಇದಕ್ಕೇ ‘ಪಶು ಆಧಾರ್’ ಎನ್ನುತ್ತಾರೆ. ಒಳಗೆ ಬ್ಯಾಟರಿ ಇಲ್ಲ, ಸಿಮ್ ಇಲ್ಲ. ಇವೆರಡೂ ಇಲ್ಲದೆ ದನ ಎಲ್ಲಿದೆ ಎಂದು ನಿಮ್ಮ ಫೋನಿಗೆ ತಿಳಿಸಲು ಆಗುವುದಿಲ್ಲ. ಜಿಪಿಎಸ್ ಇರುವ ಕೊರಳಪಟ್ಟಿಗಳು ಬೇರೆ. ಅವುಗಳಿಗೆ ಬ್ಯಾಟರಿ, ನೆಟ್‌ವರ್ಕ್ ಎರಡೂ ಬೇಕು.

ಪಶುವೈದ್ಯಕೀಯ ಸಿಬ್ಬಂದಿ ಈ ಸಂಖ್ಯೆಯನ್ನು ‘ಭಾರತ್ ಪಶುಧನ್’ ವ್ಯವಸ್ಥೆಯಲ್ಲಿ ದಾಖಲಿಸುತ್ತಾರೆ. ಕೇಂದ್ರ ಪಶುಸಂಗೋಪನಾ ಇಲಾಖೆ ಮತ್ತು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಸೇರಿ ರೂಪಿಸಿದ ವ್ಯವಸ್ಥೆ ಇದು. ಮಾಲೀಕರ ಹೆಸರು, ತಳಿ, ಲಸಿಕೆ, ಕೃತಕ ಗರ್ಭಧಾರಣೆ, ಚಿಕಿತ್ಸೆ ಎಲ್ಲವೂ ಆ ಸಂಖ್ಯೆಯ ಜೊತೆ ಸೇರುತ್ತವೆ. ರೈತರಿಗಾಗಿ ‘1962’ ಎಂಬ ಆ್ಯಪ್ 2024ರ ಮಾರ್ಚ್‌ನಲ್ಲಿ ಬಿಡುಗಡೆಯಾಯಿತು.

ಕುದುರೆಗೆ ಏಕೆ ಬೇರೆ?

ರೇಸ್ ಕುದುರೆಗಳಿಗೆ ಕಿವಿ ಟ್ಯಾಗ್ ಬದಲು ಕತ್ತಿನ ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಸಣ್ಣ ಮೈಕ್ರೋಚಿಪ್ ಹಾಕುತ್ತಾರೆ. ಅದರಲ್ಲಿ 15 ಅಂಕಿಗಳ ಸಂಖ್ಯೆ ಇರುತ್ತದೆ. ಅದಕ್ಕೂ ಬ್ಯಾಟರಿ ಇಲ್ಲ, ಅದರಲ್ಲೂ ಜಿಪಿಎಸ್ ಇಲ್ಲ. ಸ್ಕ್ಯಾನರ್ ಹತ್ತಿರ ಹಿಡಿದಾಗ ಮಾತ್ರ ಸಂಖ್ಯೆ ಕಾಣುತ್ತದೆ. ದೊಡ್ಡ ಲಾಯಗಳು ಸಾಫ್ಟ್‌ವೇರ್‌ನಲ್ಲಿ ಇಡುವುದು ಮೇವು, ಲಾಳ, ಲಸಿಕೆ, ಗರ್ಭ, ಔಷಧಿಗಳ ದಿನಚರಿ. ಮದುವೆ ಮೆರವಣಿಗೆಗೆ ಒಂದೆರಡು ಕುದುರೆ ಸಾಕುವವರೂ ಇದನ್ನೇ ಮೊಬೈಲ್ ನೋಟ್ಸ್‌ನಲ್ಲಿ ಬರೆದುಕೊಳ್ಳಬಹುದು.

ಆಳಂದ, ಅಫಜಲಪುರ, ಜೇವರ್ಗಿಯವರಿಗೆ ಇದು ಏಕೆ ಮುಖ್ಯ?

ಆಳಂದ ಮತ್ತು ಅಫಜಲಪುರ ತಾಲ್ಲೂಕುಗಳು ಮಹಾರಾಷ್ಟ್ರದ ಗಡಿಯಲ್ಲಿವೆ. ಜಾನುವಾರು ಬೇರೆ ಊರಿನ ಸಂತೆಯಿಂದ ಬಂದಿದ್ದರೆ ಅದಕ್ಕೆ ಲಸಿಕೆ ಆಗಿದೆಯೇ ಎಂಬುದು ನೋಡಿದರೆ ತಿಳಿಯದು, ದಾಖಲೆಯಿಂದಲೇ ತಿಳಿಯಬೇಕು. ಇನ್ನು ಭೀಮಾ ನದಿ. 2020ರ ಅಕ್ಟೋಬರ್‌ನಲ್ಲಿ ಅದು ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ಅಂಥ ಹೊತ್ತಿನಲ್ಲಿ ದನ ತಪ್ಪಿಸಿಕೊಂಡರೆ ಅಥವಾ ಸತ್ತರೆ, ಅದು ನಿಮ್ಮದೇ ಎಂದು ತೋರಿಸಲು ಆ ಸಂಖ್ಯೆ ನೆರವಾಗುತ್ತದೆ.

ವಿಮೆ ಮಾಡಿಸಿದವರು ಇನ್ನೂ ಎಚ್ಚರವಾಗಿರಬೇಕು. ಜಾನುವಾರು ವಿಮೆಯಲ್ಲಿ ‘ಟ್ಯಾಗ್ ಇಲ್ಲದಿದ್ದರೆ ಪರಿಹಾರ ಇಲ್ಲ’ ಎಂಬುದು ಸಾಮಾನ್ಯ ನಿಯಮ. ಟ್ಯಾಗ್ ಕಿತ್ತು ಬಿದ್ದರೆ ಅಂದೇ ಪಶು ಆಸ್ಪತ್ರೆಗೂ ವಿಮಾ ಕಂಪನಿಗೂ ತಿಳಿಸಿ, ಹೊಸದನ್ನು ಹಾಕಿಸಿಕೊಳ್ಳಿ.

ಮೊಬೈಲ್‌ನಲ್ಲಿ ಏನೇನು ಬರೆದಿಡಬೇಕು?

• ಟ್ಯಾಗ್ ಸಂಖ್ಯೆ ಓದುವಂತೆ ಒಂದು ಫೋಟೋ, ಪೂರ್ತಿ ದನ ಕಾಣುವಂತೆ ಇನ್ನೊಂದು.
• ಬೆಳಿಗ್ಗೆ-ಸಂಜೆಯ ಹಾಲು ಎಷ್ಟು ಲೀಟರ್. ಒಮ್ಮೆಲೇ ಕಡಿಮೆಯಾದರೆ ಅದು ಕಾಯಿಲೆಯ ಮೊದಲ ಸುಳಿವು ಇರಬಹುದು.
• ಕಣಿಕೆ, ಹೊಟ್ಟು, ಹಿಂಡಿ ಎಷ್ಟು ಹಾಕಿದಿರಿ, ಯಾವಾಗ ಬದಲಿಸಿದಿರಿ. ಕುದುರೆಗಂತೂ ಮೇವನ್ನು ಒಮ್ಮೆಲೇ ಬದಲಿಸಿದರೆ ಹೊಟ್ಟೆಶೂಲೆ ಬರಬಹುದು.
• ಲಸಿಕೆಯ ದಿನ. ಕಾಲುಬಾಯಿ ರೋಗದ ಲಸಿಕೆ ವರ್ಷಕ್ಕೆ ಎರಡು ಸಲ. ಬ್ರುಸೆಲ್ಲೋಸಿಸ್ ಲಸಿಕೆ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಒಂದೇ ಸಲ.
• ಔಷಧಿ ಕೊಟ್ಟ ದಿನ, ಮತ್ತು ಎಷ್ಟು ದಿನ ಹಾಲು ಮಾರಬಾರದು ಎಂದು ವೈದ್ಯರು ಹೇಳಿದ್ದಾರೆ ಎಂಬುದು.
• ಬೆದೆಗೆ ಬಂದ ದಿನ, ಗರ್ಭಧಾರಣೆ ಮಾಡಿಸಿದ ದಿನ.

ಕೊನೆಯದಕ್ಕೆ ಒಂದು ಲೆಕ್ಕ ನೋಡಿ. ಆಕಳಿಗೆ ಜನವರಿ 1ರಂದು ಗರ್ಭಧಾರಣೆ ಮಾಡಿಸಿದಿರಿ ಎನ್ನಿ. 21 ದಿನಕ್ಕೆ, ಅಂದರೆ ಜನವರಿ 22ರ ಸುಮಾರಿಗೆ, ಮತ್ತೆ ಬೆದೆಗೆ ಬಂದರೆ ಗರ್ಭ ನಿಂತಿಲ್ಲ ಎಂದರ್ಥ. ನಿಂತಿದ್ದರೆ ಸುಮಾರು 280 ದಿನಕ್ಕೆ, ಅಕ್ಟೋಬರ್ 8ರ ಆಸುಪಾಸು, ಕರು ಹಾಕುತ್ತದೆ. ಎಮ್ಮೆಗೆ ಸುಮಾರು 310 ದಿನ, ಹೆಣ್ಣು ಕುದುರೆಗೆ ಸುಮಾರು 340 ದಿನ. ಫೋನಿನ ಕ್ಯಾಲೆಂಡರ್‌ನಲ್ಲಿ ರಿಮೈಂಡರ್ ಇಟ್ಟರೆ ಸಾಕು, ಹಣ ಕೊಟ್ಟು ಆ್ಯಪ್ ಕೊಳ್ಳಬೇಕಿಲ್ಲ. ಒಂದು ಬೆದೆ ತಪ್ಪಿದರೆ 21 ದಿನದ ಮೇವು ದಂಡ.

ಆ್ಯಪ್ ಏನು ಮಾಡಲಾರದು?

ಬರೆಯದಿದ್ದನ್ನು ಅದು ನೆನಪಿಸುವುದಿಲ್ಲ. ಫೋಟೋ ನೋಡಿ ರೋಗ ಖಚಿತಪಡಿಸುವುದೂ ಇಲ್ಲ. ಚರ್ಮದ ಮೇಲೆ ಗಂಟು, ಬಾಯಲ್ಲಿ ಹುಣ್ಣು ಕಂಡರೆ, ಕುದುರೆ ಪದೇ ಪದೇ ಹೊರಳಾಡಿ ಹೊಟ್ಟೆ ಕಡೆ ತಿರುಗಿ ನೋಡುತ್ತಿದ್ದರೆ ಪಶುವೈದ್ಯರನ್ನೇ ಕರೆಯಿರಿ. ಸಂಚಾರಿ ಪಶು ಚಿಕಿತ್ಸಾ ಘಟಕಕ್ಕೆ ಶುಲ್ಕರಹಿತ ಸಂಖ್ಯೆ 1962. ಕುದುರೆಯ ಮೂಗಿನಿಂದ ಕೀವು ಸುರಿಯುತ್ತಿದ್ದರೆ ಗ್ಲ್ಯಾಂಡರ್ಸ್ ಇರಬಹುದು. ಅದು ಮನುಷ್ಯರಿಗೂ ಹರಡುವ ಕಾಯಿಲೆ, ಅದಕ್ಕೆ ಲಸಿಕೆ ಇಲ್ಲ. ಬರಿಗೈಯಲ್ಲಿ ಮುಟ್ಟಬೇಡಿ.

ಫಾರ್ವರ್ಡ್ ಮಾಡುವ ಮುನ್ನ

ಸಂತೆಯಲ್ಲಿ ದನ ಕೊಂಡರೆ ಟ್ಯಾಗ್ ಸಂಖ್ಯೆ ಇನ್ನೂ ಹಳೆಯ ಮಾಲೀಕರ ಹೆಸರಿನಲ್ಲೇ ಇರುತ್ತದೆ. ಹತ್ತಿರದ ಪಶು ಆಸ್ಪತ್ರೆಯಲ್ಲಿ ನಿಮ್ಮ ಹೆಸರಿಗೆ ಬದಲಿಸಿಕೊಳ್ಳಿ. ‘ಪಶು ಆಧಾರ್ ಅಪ್‌ಡೇಟ್’ ಎಂದು ಅಪರಿಚಿತರು ಕರೆ ಮಾಡಿ ಕೇಳಿದರೆ ಒಟಿಪಿ ಹೇಳಬೇಡಿ. ಜಿಪಿಎಸ್ ಮೆಸೇಜ್ ನಿಮ್ಮ ಗ್ರೂಪಿಗೆ ಬಂದರೆ ಉತ್ತರ ಇಷ್ಟೇ: ಟ್ಯಾಗ್ ದನವನ್ನು ಹುಡುಕಿಕೊಡುವುದಿಲ್ಲ, ಸಿಕ್ಕ ದನ ಯಾರದ್ದೆಂದು ಹೇಳುತ್ತದೆ.