ಪ್ರಜ್ಞಾಚಕ್ಷು ಪಂಡಿತ ಸುಖಲಾಲ ಸಂಘವಿಯವರ ಶಾಸ್ತ್ರಸೇವೆ

ತರ್ಕಗ್ರಂಥವನ್ನು ರಚಿಸುವ ಆಚಾರ್ಯನು ಒಬ್ಬನೇ ಕುಳಿತು ಮಾತನಾಡುವವನಲ್ಲ. ಅವನ ಎದುರಿಗೆ ಬೌದ್ಧನೋ ನೈಯಾಯಿಕನೋ ಮೀಮಾಂಸಕನೋ ಪ್ರತಿವಾದಿಯಾಗಿ ನಿಂತಿರುತ್ತಾನೆ. ಆ ಪ್ರತಿವಾದಿಯ ಮಾತನ್ನು ಅವನ ಗ್ರಂಥದಲ್ಲಿಯೇ ಕಂಡು ತಿಳಿಯದವನಿಗೆ ಪೂರ್ವಪಕ್ಷದ ಬಲವಾಗಲಿ ಸಿದ್ಧಾಂತದ ಬೆಲೆಯಾಗಲಿ ಗೊತ್ತಾಗುವ ಬಗೆಯಿಲ್ಲ. ಆದುದರಿಂದ ಜೈನದರ್ಶನವನ್ನು ಜೈನಗ್ರಂಥಗಳಿಂದ ಮಾತ್ರವೇ ತಿಳಿಯಹೊರಡುವುದು ಅರ್ಧಮಾರ್ಗದ ಪ್ರಯಾಣವೇ ಸರಿ. ಈ ನಿಯಮವನ್ನು ಗ್ರಂಥಸಂಪಾದನೆಯಲ್ಲಿ ಆಚರಿಸಿ ತೋರಿಸಿದವರಲ್ಲಿ ಪಂಡಿತ ಸುಖಲಾಲ ಸಂಘವಿಯವರು (೧೮೮೦–೧೯೭೮) ಅಗ್ರಗಣ್ಯರು. ಹದಿನಾರನೆಯ ವಯಸ್ಸಿನಲ್ಲಿ ಕಣ್ಣು ಕಳೆದುಕೊಂಡವರು ಹಸ್ತಪ್ರತಿಗಳ ಪಾಠಾಂತರಗಳನ್ನು ನಿರ್ಣಯಿಸಿದರೆಂಬುದು ಆಶ್ಚರ್ಯಕರವೇ ಹೌದು. ಆದರೆ ಆ ಆಶ್ಚರ್ಯದಲ್ಲಿಯೇ ನಿಂತುಬಿಟ್ಟರೆ ಅವರ ಕಾರ್ಯದ ಯಥಾರ್ಥವಾದ ಮಹತ್ತ್ವವು ಮರೆಯಾಗುವುದು.

ಸುಖಲಾಲರು ೧೮೮೦ನೆಯ ಇಸವಿ ಡಿಸೆಂಬರ್ ೮ರಂದು ಸೌರಾಷ್ಟ್ರದ ಲಿಮಲಿ ಗ್ರಾಮದಲ್ಲಿ, ವ್ಯಾಪಾರವೃತ್ತಿಯ ಸ್ಥಾನಕವಾಸಿ ಜೈನಕುಟುಂಬವೊಂದರಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಾಯಿಯು ತೀರಿಕೊಂಡಳು. ಗುಜರಾತಿ ಶಾಲೆಯ ಓದು ಮುಗಿದು ವ್ಯಾಪಾರಕ್ಕೆ ತೊಡಗುವ ಕಾಲದಲ್ಲಿ ಸಿಡುಬು ಬಂದು ದೃಷ್ಟಿಯು ಹೋಯಿತು. ಲೋಕವ್ಯವಹಾರದ ಬಾಗಿಲು ಮುಚ್ಚಿಹೋದ ಆ ತರುಣನಿಗೆ, ಊರಿಗೆ ಬರುತ್ತಿದ್ದ ಸಾಧುಸಾಧ್ವಿಯರ ಸಹವಾಸವೊಂದೇ ಆಸರೆಯಾಯಿತು. ಅವರ ಬಾಯಿಂದ ಕೇಳಿದ ಪ್ರಾಕೃತ ಸಂಸ್ಕೃತ ವಾಕ್ಯಗಳನ್ನು ಕಂಠಸ್ಥಮಾಡಿಕೊಳ್ಳುತ್ತ, ಅರ್ಥವನ್ನು ತಿಳಿಯಬೇಕೆಂಬ ಹಂಬಲವು ಬೆಳೆದು, ೧೯೦೪ರಲ್ಲಿ ಕಾಶಿಗೆ ಹೊರಟರು.

ಕಾಶಿಯಲ್ಲಿ ವಿಜಯಧರ್ಮಸೂರಿಗಳು ಸ್ಥಾಪಿಸಿದ್ದ ಯಶೋವಿಜಯ ಜೈನಪಾಠಶಾಲೆಯಲ್ಲಿ ಹೇಮಚಂದ್ರಾಚಾರ್ಯರ ಸಿದ್ಧಹೇಮಶಬ್ದಾನುಶಾಸನವನ್ನು ವೃತ್ತಿಸಹಿತವಾಗಿ ವ್ಯಾಸಂಗಮಾಡಿದರು. ಅನಂತರ ನವ್ಯನ್ಯಾಯವನ್ನು ಕಲಿಯಲು ಮಿಥಿಲೆಗೆ ಹೋಗಿ, ದರ್ಭಂಗಾದಲ್ಲಿ ಮಹಾಮಹೋಪಾಧ್ಯಾಯ ಬಾಲಕೃಷ್ಣ ಮಿಶ್ರರ ಶಿಷ್ಯರಾದರು. ಅಲ್ಲಿಯ ದಾರಿದ್ರ್ಯದ ದಿನಗಳಲ್ಲಿ, ಗುರುಗಳೊಬ್ಬರು ಮೆಚ್ಚಿದರೆಂದು ತಮ್ಮಲ್ಲಿದ್ದ ಒಂದೇ ಉಣ್ಣೆಯ ಅಂಗಿಯನ್ನು ಅವರಿಗೆ ಒಪ್ಪಿಸಿ, ಹುಲ್ಲಿನ ಹಾಸಿಗೆಯ ಮೇಲೆ ಚಳಿಗಾಲವನ್ನು ಕಳೆದರೆಂದು ಚರಿತ್ರಕಾರರು ಹೇಳುತ್ತಾರೆ. ಜೈನವಿದ್ಯಾರ್ಥಿಯು ಬ್ರಾಹ್ಮಣಪಂಡಿತರ ಬಳಿ ನ್ಯಾಯ, ವೇದಾಂತಾದಿ ಶಾಸ್ತ್ರಗಳನ್ನು ಆಯಾ ಸಂಪ್ರದಾಯದ ಕ್ರಮದಲ್ಲಿಯೇ ಕಲಿತದ್ದು ಮುಂದಿನ ಕಾರ್ಯಕ್ಕೆಲ್ಲ ತಳಹದಿಯಾಯಿತು. ಪ್ರತಿವಾದಿಯ ಶಾಸ್ತ್ರವು ಅವರಿಗೆ ಕೇವಲ ಖಂಡನೀಯವಸ್ತುವಾಗಿ ಉಳಿಯಲಿಲ್ಲ. ಅದು ಗುರುಮುಖದಿಂದ ಬಂದ ವಿದ್ಯೆಯಾಯಿತು.

ಈ ವಿದ್ಯೆಯ ಮೊದಲನೆಯ ಮಹಾಫಲವು ಸಿದ್ಧಸೇನ ದಿವಾಕರನ ಸನ್ಮತಿತರ್ಕದ ಸಂಪಾದನೆ. ಗಾಂಧೀಜಿಯವರು ೧೯೨೦ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿಸಿದ ಗುಜರಾತ್ ವಿದ್ಯಾಪೀಠದ ಪುರಾತತ್ತ್ವಮಂದಿರದಲ್ಲಿ, ಪಂಡಿತ ಬೇಚರದಾಸ ದೋಶಿಯವರೊಡನೆ ಈ ಕೆಲಸವು ನಡೆಯಿತು. ಮೂಲವು ಮೂರು ಕಾಂಡಗಳ ಸಣ್ಣ ಪ್ರಾಕೃತಗ್ರಂಥ. ಅದಕ್ಕೆ ಅಭಯದೇವಸೂರಿಯು ಬರೆದ ಸಂಸ್ಕೃತಟೀಕೆಯಾದರೋ ಸುಮಾರು ೨೫,೦೦೦ ಶ್ಲೋಕಪರಿಮಾಣವುಳ್ಳದ್ದು. ತತ್ಕಾಲದ ಸಮಸ್ತದರ್ಶನಗಳ ವಾದಗಳನ್ನೂ ಒಳಗೊಂಡ ಸಮುದ್ರ. ಸಹಾಯಕರು ಪ್ರತಿಗಳನ್ನು ಓದಿ ಹೇಳುತ್ತಿದ್ದರು. ಸುಖಲಾಲರು ಕೇಳಿ, ಯಾವ ಪಾಠವು ಯುಕ್ತಿಗೆ ಹೊಂದುವುದು, ಯಾವ ಪಂಕ್ತಿಯು ಯಾವ ಬೌದ್ಧ ಅಥವಾ ಮೀಮಾಂಸಾಗ್ರಂಥಕ್ಕೆ ಪ್ರತಿಧ್ವನಿಯಾಗಿರುವುದು ಎಂಬುದನ್ನು ನೆನಪಿನಿಂದ ವಿವೇಚಿಸುತ್ತಿದ್ದರು. ಶ್ರವಣದಿಂದ ಶಾಸ್ತ್ರವನ್ನು ಧರಿಸುವ ಪುರಾತನಪದ್ಧತಿಯೂ ಪ್ರತಿಗಳನ್ನು ತೂಗಿ ನೋಡುವ ನೂತನಪದ್ಧತಿಯೂ ಇಲ್ಲಿ ಒಂದಾದುವು. ಗ್ರಂಥವು ಐದು ಸಂಪುಟಗಳಾಗಿ ಪ್ರಕಟವಾಯಿತು.

ಅವರ ವಿಚಾರಕ್ರಮಕ್ಕೆ ನಿದರ್ಶನವಾಗಿ ಒಂದು ಪ್ರಸಂಗವನ್ನು ನೋಡಬಹುದು. ಕೇವಲಿಯಾದವನಿಗೆ ಜ್ಞಾನವೂ ದರ್ಶನವೂ ಕ್ರಮವಾಗಿ ಉಂಟಾಗುವುವೋ, ಏಕಕಾಲದಲ್ಲಿಯೋ, ಅಥವಾ ಅವೆರಡೂ ಒಂದೆಯೋ ಎಂಬುದು ಜೈನಶಾಸ್ತ್ರದ ಪ್ರಸಿದ್ಧ ವಿವಾದ. ಜಿನಭದ್ರಗಣಿಯು ಆಗಮವನ್ನು ಅನುಸರಿಸಿ ಕ್ರಮಪಕ್ಷವನ್ನು ಸಮರ್ಥಿಸಿದನು. ದಿಗಂಬರಾಚಾರ್ಯರು ಯೌಗಪದ್ಯವನ್ನು ಹೇಳಿದರು. ಸಿದ್ಧಸೇನನು ಸನ್ಮತಿಯ ಎರಡನೆಯ ಕಾಂಡದಲ್ಲಿ ಅಭೇದವನ್ನು ಸಾಧಿಸಿದನು. ಹದಿನೇಳನೆಯ ಶತಮಾನದ ಯಶೋವಿಜಯೋಪಾಧ್ಯಾಯರು ಜ್ಞಾನಬಿಂದುವಿನಲ್ಲಿ ಈ ಮೂರನ್ನೂ ನಯಭೇದದಿಂದ ಸಮನ್ವಯಗೊಳಿಸಿದ್ದಾರೆ. ಸುಖಲಾಲರು ಆ ಗ್ರಂಥವನ್ನು ಸಂಪಾದಿಸಿ, ಪೀಠಿಕೆಯಲ್ಲಿ ಈ ವಿವಾದವು ಬೆಳೆದುಬಂದ ಬಗೆಯನ್ನು ವಿಸ್ತರಿಸಿದರು. ಸಮನ್ವಯವು ಶ್ರೇಷ್ಠವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯಾರು ಯಾವಾಗ ಏನೆಂದರೆಂಬುದು ತಿಳಿಯದೆ ಮಾಡಿದ ಸಮನ್ವಯಕ್ಕೆ ನೆಲೆಯಿಲ್ಲ.

೧೯೩೩ರಿಂದ ೧೯೪೪ರವರೆಗೆ ಅವರು ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಜೈನದರ್ಶನದ ಅಧ್ಯಾಪಕರಾಗಿದ್ದರು. ಸಿಂಘೀ ಜೈನಗ್ರಂಥಮಾಲೆಯಲ್ಲಿ ೧೯೩೮ರಲ್ಲಿ ಜೈನತರ್ಕಭಾಷೆಯೂ ೧೯೩೯ರಲ್ಲಿ ಹೇಮಚಂದ್ರನ ಪ್ರಮಾಣಮೀಮಾಂಸೆಯೂ ಹೊರಬಂದುವು. ಎರಡನೆಯದರ ಹಿಂದೀ ಟಿಪ್ಪಣಿಗಳು ಪ್ರತ್ಯಕ್ಷ, ಹೇತು, ನಿಗ್ರಹಸ್ಥಾನ ಮೊದಲಾದ ಒಂದೊಂದು ಪದಾರ್ಥಕ್ಕೂ ಸರ್ವದರ್ಶನಗಳಲ್ಲಿ ಬರೆದ ಇತಿಹಾಸದಂತಿವೆ. ಪಾಟಣದ ಜೈನಭಂಡಾರದಲ್ಲಿ ದೊರೆತ ತಾಳೆಯೋಲೆಯಿಂದ ಜಯರಾಶಿಭಟ್ಟನ ತತ್ತ್ವೋಪಪ್ಲವಸಿಂಹವನ್ನು ರಸಿಕಲಾಲ ಪರೀಖರೊಡನೆ ೧೯೪೦ರಲ್ಲಿ ಪ್ರಕಟಿಸಿದರು. ಸಕಲಪ್ರಮಾಣಗಳನ್ನೂ ನಿರಾಕರಿಸುವ ಆ ಗ್ರಂಥವನ್ನು ಕಾಪಾಡಿದ್ದು ಜೈನಭಂಡಾರ, ಬೆಳಕಿಗೆ ತಂದದ್ದು ಜೈನಪಂಡಿತ. ೧೯೪೯ರಲ್ಲಿ ಬೌದ್ಧನಾದ ಅರ್ಚಟನ ಹೇತುಬಿಂದುಟೀಕೆಯೂ ಹೀಗೆಯೇ ಹೊರಬಂದಿತು.

ಕನ್ನಡನಾಡಿನ ವಿದ್ವಾಂಸರಿಗೆ ಈ ಕಾರ್ಯವು ದೂರದ್ದಲ್ಲ. ಶ್ರವಣಬೆಳಗೊಳದ ೧೧೨೯ರ ಮಲ್ಲಿಷೇಣಪ್ರಶಸ್ತಿಯು ಸಾಹಸತುಂಗನ ಸಭೆಯಲ್ಲಿ ಮಾತನಾಡಿದ ವಾದಿಯೆಂದು ಸ್ಮರಿಸುವ ಅಕಲಂಕದೇವನ ಮೂರು ಕೃತಿಗಳು, ದಿಗಂಬರಪಂಡಿತರಾದ ಮಹೇಂದ್ರಕುಮಾರ ನ್ಯಾಯಾಚಾರ್ಯರ ಸಂಪಾದನೆಯಲ್ಲಿ ೧೯೩೯ರಲ್ಲಿ ಅಕಲಂಕಗ್ರಂಥತ್ರಯವೆಂಬ ಹೆಸರಿನಿಂದ ಪ್ರಕಟವಾದಾಗ, ಅದಕ್ಕೆ ಪ್ರಾಕ್ಕಥನವನ್ನು ಬರೆದವರು ಸುಖಲಾಲರೇ. ಧರ್ಮಕೀರ್ತಿಯನ್ನು ಬಿಟ್ಟು ಅಕಲಂಕನನ್ನು ಓದಲಾಗದು. ಆ ಓದಿಗೆ ಬೇಕಾದ ದಾರಿಯು ಇಂತಹ ಸಂಪಾದನೆಗಳಿಂದ ಸುಗಮವಾಯಿತು.

ಅವರ ನಿರ್ಣಯಗಳೆಲ್ಲವೂ ಸರ್ವಸಮ್ಮತವಾಗಲಿಲ್ಲ. ತತ್ತ್ವಾರ್ಥಸೂತ್ರಕಾರನಾದ ಉಮಾಸ್ವಾತಿಯು ಶ್ವೇತಾಂಬರಪರಂಪರೆಗೆ ಸೇರಿದವನೆಂಬ ಅವರ ಮತವನ್ನು ದಿಗಂಬರವಿದ್ವಾಂಸರು ಒಪ್ಪಲಿಲ್ಲ; ನಾಥೂರಾಮ ಪ್ರೇಮಿಯವರು ಅವನನ್ನು ಯಾಪನೀಯನೆಂದರು. ಸನ್ಮತಿಯ ಕರ್ತೃವೇ ನ್ಯಾಯಾವತಾರವನ್ನೂ ಬರೆದನೆಂಬ ಅಭಿಪ್ರಾಯವನ್ನೂ ಮುಂದಿನವರು ಪ್ರಶ್ನಿಸಿದ್ದಾರೆ. ಆದರೆ ಅವರನ್ನು ಆಕ್ಷೇಪಿಸುವವರೂ ಗ್ರಂಥಗ್ರಂಥಗಳನ್ನು ಹೋಲಿಸಿಯೇ ಆಕ್ಷೇಪಿಸಬೇಕಾಯಿತೆಂಬುದು ಗಮನಾರ್ಹ.

ಅವರ ಲೇಖನಸಂಗ್ರಹವಾದ ‘ದರ್ಶನ ಅನೇ ಚಿಂತನ’ಕ್ಕೆ ೧೯೫೮ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ, ೧೯೭೪ರಲ್ಲಿ ಅವರಿಗೆ ಪದ್ಮಭೂಷಣವೂ ದೊರೆತುವು. ೧೯೭೮ರ ಮಾರ್ಚ್ ೨ರಂದು ಅಹಮದಾಬಾದಿನಲ್ಲಿ ದೇಹವನ್ನು ಬಿಟ್ಟರು. ಅವರಿಗೆ ಗ್ರಂಥಗಳನ್ನು ಓದಿ ಹೇಳುತ್ತ ಬೆಳೆದ ದಲಸುಖ ಮಾಲವಣಿಯಾ ಅವರು ಅದೇ ಮಾರ್ಗವನ್ನು ಮುಂದುವರಿಸಿದರು. ಅನೇಕಾಂತವನ್ನು ಸಿದ್ಧಾಂತವಾಗಿ ಬೋಧಿಸಿದವರು ಬಹುಮಂದಿ. ಪರಮತದ ಗ್ರಂಥವನ್ನು ಸ್ವಮತದ ಗ್ರಂಥದಷ್ಟೇ ಶ್ರದ್ಧೆಯಿಂದ ಶುದ್ಧಪಡಿಸಿ ಅದನ್ನು ವಿದ್ಯಾಧರ್ಮವಾಗಿ ಆಚರಿಸಿದವರು ವಿರಳ. ಸುಖಲಾಲರು ಆ ವಿರಳರಲ್ಲಿ ಒಬ್ಬರು.