ಉಪದೇಶ ನಿಂತಾಗ: ಗೆರ್ಟ್ ಗ್ರೋಟೆಯ ವಿಧೇಯತೆ ಮತ್ತು ನಿತ್ಯಜೀವನದ ಕ್ರಿಸ್ತಾನುಸರಣೆ

ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಅಪೊಸ್ತಲನಾದ ಪೌಲನು ಕ್ರಿಸ್ತನ ದೀನತೆಯನ್ನೂ ವಿಧೇಯತೆಯನ್ನೂ ಒಟ್ಟಾಗಿಯೇ ಹೇಳುತ್ತಾನೆ. ದೇವಸ್ವರೂಪನಾಗಿದ್ದವನು ದಾಸನ ರೂಪವನ್ನು ಧರಿಸಿದ್ದು ದೀನತೆ. ಶಿಲುಬೆಯ ಮರಣದವರೆಗೂ ತಂದೆಯ ಚಿತ್ತಕ್ಕೆ ಒಳಪಟ್ಟದ್ದು ವಿಧೇಯತೆ. ಪೌಲನು ಇದನ್ನು ಬರೆದದ್ದು ಸನ್ಯಾಸಿಗಳಿಗಲ್ಲ. ಒಣ ಹೆಮ್ಮೆ, ಪಕ್ಷಭೇದಗಳ ಅಪಾಯವಿದ್ದ ಒಂದು ಸಾಮಾನ್ಯ ಸಭೆಗೆ. ಆದರೂ ಮಧ್ಯಯುಗದ ಪಶ್ಚಿಮದ ಸಭೆಯಲ್ಲಿ ಈ ಗುಣಗಳ ಪರಿಪೂರ್ಣತೆಯು ಮಠವಾಸಿಗಳ ಪಾಲೆಂದೇ ಹೆಚ್ಚಾಗಿ ಭಾವಿಸಲಾಗುತ್ತಿತ್ತು. ಈ ಭಾವನೆಯನ್ನು ಪ್ರಶ್ನಿಸಿದ ಚಳವಳಿಗಳಲ್ಲಿ ಒಂದು, 14ನೆಯ ಶತಮಾನದ ಕೊನೆಯ ಭಾಗದಲ್ಲಿ ನೆದರ್ಲೆಂಡ್ಸಿನ ಡೆವೆಂಟರ್ ಪಟ್ಟಣದಲ್ಲಿ ಹುಟ್ಟಿದ 'ನೂತನ ಭಕ್ತಿ' ಎಂಬ ಚಳವಳಿ. ಅದರ ಮೂಲಪುರುಷನಾದ ಗೆರ್ಟ್ ಗ್ರೋಟೆಯ ಜೀವನದ ಕೊನೆಯ ವರ್ಷವು ನಮ್ಮ ವಿಚಾರಕ್ಕೆ ಬಹಳ ಬೆಲೆಯುಳ್ಳದ್ದು.

ಗ್ರೋಟೆ 1340ರಲ್ಲಿ ಡೆವೆಂಟರಿನ ಸಿರಿವಂತ ಮನೆತನದಲ್ಲಿ ಜನಿಸಿದನು. ಹತ್ತನೆಯ ವಯಸ್ಸಿನಲ್ಲಿ ಪ್ಲೇಗಿನಿಂದ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡನು. ಪ್ಯಾರಿಸಿನಲ್ಲಿ ವ್ಯಾಸಂಗ ಮಾಡಿ 1358ರಲ್ಲಿ ಪದವಿ ಪಡೆದನು; ಆಖನ್ ಮತ್ತು ಯೂಟ್ರೆಕ್ಟ್ ನಗರಗಳಲ್ಲಿ ಸಭೆಯ ಆದಾಯವುಳ್ಳ ಹುದ್ದೆಗಳನ್ನೂ ಗಳಿಸಿದನು. 1374ರಲ್ಲಿ ಅವನ ಬಾಳು ತಿರುಗಿತು. ಹುದ್ದೆಗಳನ್ನು ತ್ಯಜಿಸಿ, ಡೆವೆಂಟರಿನ ತನ್ನ ಮನೆಯನ್ನು ದೇವಭಕ್ತರಾದ ಬಡ ಸ್ತ್ರೀಯರ ವಾಸಕ್ಕೆ ಬಿಟ್ಟುಕೊಟ್ಟನು. ಆ ಬಳಿಕ ಕಾರ್ಥೂಸಿಯನ್ ಮಠವೊಂದರಲ್ಲಿ ಕೆಲಕಾಲ ತಂಗಿದನಾದರೂ ಪ್ರತಿಜ್ಞೆ ಸ್ವೀಕರಿಸಿ ಅಲ್ಲಿಯೇ ಉಳಿಯಲಿಲ್ಲ. ಯಾಜಕದೀಕ್ಷೆಗೆ ತಾನು ಅಯೋಗ್ಯನೆಂದು ಎಣಿಸಿ ಡೀಕನನಾಗಿಯೇ ನಿಂತನು. ಬಿಷಪನ ಅನುಮತಿ ಪಡೆದು ಯೂಟ್ರೆಕ್ಟ್ ಪ್ರಾಂತದ ಊರೂರುಗಳಲ್ಲಿ ಜನರ ಮಾತಿನಲ್ಲಿಯೇ ಉಪದೇಶ ಮಾಡಿದನು.

ಅವನ ಉಪದೇಶವು ಜನಸಾಮಾನ್ಯರ ಪಾಪಗಳಿಗೆ ಮಾತ್ರ ಸೀಮಿತವಾಗಿರಲಿಲ್ಲ. 1383ರಲ್ಲಿ ಯೂಟ್ರೆಕ್ಟಿನಲ್ಲಿ ಕೂಡಿದ್ದ ಯಾಜಕವರ್ಗದ ಎದುರಿನಲ್ಲಿಯೇ ಅವನು ಬ್ರಹ್ಮಚರ್ಯದ ಕಟ್ಟಳೆಯನ್ನು ಮುರಿದು ಬಾಳುತ್ತಿದ್ದ ಯಾಜಕರನ್ನು ತೀಕ್ಷ್ಣವಾಗಿ ಖಂಡಿಸಿದನು. ಸ್ವಲ್ಪ ಕಾಲದಲ್ಲಿಯೇ ಪ್ರಾಂತದಲ್ಲಿ ಒಂದು ಆಜ್ಞೆ ಹೊರಟಿತು: ಡೀಕನರು ಇನ್ನು ಮುಂದೆ ಉಪದೇಶಿಸಕೂಡದು. ಆಜ್ಞೆಯ ಮಾತು ಎಲ್ಲ ಡೀಕನರಿಗೂ ಅನ್ವಯಿಸುವಂತಿದ್ದರೂ ಅದರ ಗುರಿ ಯಾರೆಂಬುದು ಗುಟ್ಟಾಗಿರಲಿಲ್ಲ.

ಆಗ ಗ್ರೋಟೆ ಮಾಡಿದ್ದು ಮೂರು ಕಾರ್ಯಗಳು. ಮೊದಲನೆಯದಾಗಿ, ಅವನು ಉಪದೇಶವನ್ನು ನಿಲ್ಲಿಸಿದನು. ಜನರು ಅವನ ಪಕ್ಷದಲ್ಲಿದ್ದರೂ ಅವರನ್ನು ಬಿಷಪನ ವಿರುದ್ಧ ಎತ್ತಿಕಟ್ಟಲಿಲ್ಲ. ಎರಡನೆಯದಾಗಿ, ಆಜ್ಞೆಯು ನ್ಯಾಯವೆಂದು ಅವನು ಒಪ್ಪಿಕೊಳ್ಳಲಿಲ್ಲ. ಮಿತ್ರರ ಮೂಲಕ ಪೋಪ್ ಆರನೆಯ ಅರ್ಬನನಿಗೆ ಮೇಲ್ಮನವಿ ಸಲ್ಲಿಸಿದನು. ಮೂರನೆಯದಾಗಿ, ಕೈಗೆ ಉಳಿದಿದ್ದ ಕೆಲಸವನ್ನು ಎತ್ತಿಕೊಂಡನು: ಲತೀನ್ ತಿಳಿಯದ ಗೃಹಸ್ಥರೂ ಸ್ತ್ರೀಯರೂ ದಿನದ ಆಯಾ ಹೊತ್ತಿನಲ್ಲಿ ಪ್ರಾರ್ಥಿಸುವಂತೆ ಪ್ರಾರ್ಥನಾವೇಳೆಗಳ ಪುಸ್ತಕವನ್ನು ಡಚ್ ಭಾಷೆಗೆ ಅನುವಾದಿಸಿದನು. ಮೇಲ್ಮನವಿಗೆ ಉತ್ತರ ಬರುವುದನ್ನು ಕಾಣಲು ಅವನು ಉಳಿಯಲಿಲ್ಲ. ಪ್ಲೇಗಿಗೆ ತುತ್ತಾದ ಮಿತ್ರನೊಬ್ಬನನ್ನು ನೋಡಹೋಗಿ ತಾನೂ ಅದೇ ರೋಗಕ್ಕೆ ಗುರಿಯಾಗಿ 1384ರ ಆಗಸ್ಟ್ 20ರಂದು ತೀರಿಕೊಂಡನು. ಆಗ ಅವನ ವಯಸ್ಸು 43. ಆದರೆ ಉಪದೇಶ ನಿಂತ ತಿಂಗಳುಗಳಲ್ಲಿ ಸಿದ್ಧವಾದ ಆ ಪ್ರಾರ್ಥನಾಪುಸ್ತಕವು ಮುಂದಿನ ಶತಮಾನದಲ್ಲಿ ಕೈಬರಹದ ಅನೇಕಾನೇಕ ಪ್ರತಿಗಳಾಗಿ ಮನೆಮನೆಗಳನ್ನು ಸೇರಿತು.

ಗ್ರೋಟೆಯ ಶಿಷ್ಯನಾದ ಫ್ಲೋರೆನ್ಸ್ ರಾಡೆವೈನ್ಸನ ಮನೆಯಲ್ಲಿ 'ಸಾಮೂಹಿಕ ಜೀವನದ ಸಹೋದರರು' ಒಟ್ಟುಗೂಡಿ ಬಾಳಿದರು. ಅವರಿಗೆ ಮಠದ ಪ್ರತಿಜ್ಞೆಗಳಿರಲಿಲ್ಲ, ಭಿಕ್ಷಾಟನೆಯೂ ಇರಲಿಲ್ಲ. ಗ್ರಂಥಗಳನ್ನು ನಕಲು ಮಾಡಿ ಬಂದ ಗಳಿಕೆಯನ್ನು ಒಂದುಗೂಡಿಸಿ ಜೀವಿಸುತ್ತಿದ್ದರು. ಆ ಮನೆಯ ಅಡಿಗೆಯವನು ಯೋಹಾನ ಕೆಟೆಲ್. ಹಿಂದೆ ವ್ಯಾಪಾರಿಯಾಗಿದ್ದ ಅವನು ಯಾಜಕನಾಗಬೇಕೆಂದು ಬಯಸಿದ್ದನು. ಕೊನೆಗೆ ಆರಿಸಿಕೊಂಡದ್ದು ಒಲೆಯ ಮುಂದಿನ ಸ್ಥಾನವನ್ನು. ಈ ಬಳಗದಲ್ಲಿ ವಿದ್ಯಾರ್ಥಿಯಾಗಿ ಬೆಳೆದ ಥಾಮಸ್ ಅ ಕೆಂಪಿಸನು ಮುಂದೆ ಗ್ರೋಟೆ, ರಾಡೆವೈನ್ಸರ ಚರಿತ್ರೆಗಳ ಜೊತೆಗೆ ಈ ಅಡಿಗೆಯವನ ಚರಿತ್ರೆಯನ್ನೂ ಬರೆದಿಟ್ಟನು. 'ಕ್ರಿಸ್ತಾನುಸರಣೆ'ಯ ಗ್ರಂಥಕರ್ತನು ದೀನತೆಯನ್ನು ಕಲಿತದ್ದು ಗ್ರಂಥಗಳಿಂದ ಮಾತ್ರವಲ್ಲ, ಇಂಥವರ ನಡುವೆ ಬಾಳಿ.

ಈ ಜೀವನಕ್ರಮವು ವಿರೋಧವನ್ನೂ ಎದುರಿಸಿತು. ಅಂಗೀಕೃತ ಸನ್ಯಾಸ ಸಂಘಗಳ ಹೊರಗೆ ಇರುವವರು ಸುವಾರ್ತೆಯ ಪರಿಪೂರ್ಣತೆಯ ಮಾರ್ಗವನ್ನು ಆಚರಿಸಲಾರರೆಂದು ಮ್ಯಾಥ್ಯೂ ಗ್ರಾಬೋ ಎಂಬ ಡೊಮಿನಿಕನ್ ಸನ್ಯಾಸಿಯು ಕಾನ್‌ಸ್ಟನ್ಸ್ ಮಹಾಸಭೆಯ ಕಾಲದಲ್ಲಿ ವಾದಿಸಿದನು. ಪ್ಯಾರಿಸಿನ ದೇವಶಾಸ್ತ್ರಜ್ಞನಾದ ಜಾನ್ ಗೆರ್ಸನನು 1418ರಲ್ಲಿ ಅದನ್ನು ಖಂಡಿಸಿದನು: ಕ್ರಿಸ್ತನ ಮಾರ್ಗವನ್ನು ಪೂರ್ಣವಾಗಿ ಕೈಕೊಳ್ಳಲು ವಿಶೇಷ ಪ್ರತಿಜ್ಞೆಗಳು ಅನಿವಾರ್ಯವಲ್ಲ ಎಂಬುದೇ ಅವನ ವಾದದ ತಿರುಳು. ಗ್ರಾಬೋ ತನ್ನ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು.

ಗ್ರೋಟೆಯನ್ನು ನಿರ್ದೋಷಿಯಾದ ಆದರ್ಶಪುರುಷನೆಂದು ಚಿತ್ರಿಸುವುದು ಸರಿಯಲ್ಲ. ಪಾಷಂಡಿಗಳೆಂದು ತಾನು ಎಣಿಸಿದವರನ್ನು ಅವನು ಕಠೋರವಾಗಿ ಬೆನ್ನಟ್ಟಿದನು. ತನ್ನ ಮೇಲೆ ಬಂದ ನಿಷೇಧದ ನೋವನ್ನು ಅರಿತವನು ಇತರರ ಬಾಯನ್ನು ಮುಚ್ಚಿಸಲು ಹಿಂದೆಗೆದಿರಲಿಲ್ಲ. ಆದರೂ ಅವನ ಕೊನೆಯ ವರ್ಷವು ಎರಡು ತಪ್ಪು ತಿಳುವಳಿಕೆಗಳನ್ನು ತಿದ್ದುತ್ತದೆ. ವಿಧೇಯತೆಯೆಂದರೆ ಅನ್ಯಾಯವನ್ನು ನ್ಯಾಯವೆಂದು ಕರೆಯುವುದಲ್ಲ. ಕ್ರಿಸ್ತನು ಮಹಾಯಾಜಕನ ವಿಚಾರಣೆಗೆ ಒಳಪಟ್ಟರೂ, ತನ್ನ ಕೆನ್ನೆಗೆ ಹೊಡೆದ ಓಲೇಕಾರನಿಗೆ ಕಾರಣ ಕೇಳಿದನು. ಹಾಗೆಯೇ, ದೀನತೆಯೆಂದರೆ ಬಲವುಳ್ಳವರು ಬಲಹೀನರಿಗೆ ವಿಧಿಸುವ ಕಟ್ಟಳೆಯಲ್ಲ. ಪೌಲನು ಹೇಳುವ ದೀನತೆಯಲ್ಲಿ ಇಳಿದು ಬಂದವನು ಮೇಲಿದ್ದವನೇ. ಗ್ರೋಟೆ ತ್ಯಜಿಸಿದ್ದೂ ತನ್ನ ಸ್ವಂತ ಮನೆಯನ್ನು, ತನ್ನ ಸ್ವಂತ ಹುದ್ದೆಗಳನ್ನು. ತಲೆತಲಾಂತರದಿಂದ ತಗ್ಗಿಸಲ್ಪಟ್ಟ ಜನರೇ ಬಹುಸಂಖ್ಯೆಯಲ್ಲಿರುವ ನಮ್ಮ ಸಭೆಗಳಲ್ಲಿ ಫಿಲಿಪ್ಪಿಯವರ ಪತ್ರಿಕೆಯನ್ನು ಬೋಧಿಸುವಾಗ ಈ ಭೇದವನ್ನು ಮರೆತರೆ, ಸುವಾರ್ತೆಯು ಅವರ ಹೆಗಲಿಗೆ ಮತ್ತೊಂದು ಹೊರೆಯಾದೀತು.

ಸೇವೆಗೆ ಸಿದ್ಧರಾಗುತ್ತಿರುವವರಿಗೆ ಪೀಠವೇ ಸೇವೆಯ ಶಿಖರವೆಂದು ತೋರುವುದು ಸಹಜ. ಒಂದು ದಿನ ಆ ಪೀಠವು ಸಿಕ್ಕದೆ ಹೋಗಬಹುದು, ಸಿಕ್ಕಿದ್ದು ಕೈತಪ್ಪಲೂಬಹುದು. ಆಗ ನ್ಯಾಯವಾದ ಮನವಿಯನ್ನು ಸಲ್ಲಿಸೋಣ. ಅದರ ಉತ್ತರಕ್ಕೆ ಕಾಯುತ್ತಿರುವಾಗ ಯಾವ ಮನೆಯವರು ತಮ್ಮ ಮಾತಿನಲ್ಲಿ ಪ್ರಾರ್ಥಿಸಲು ಕಲಿಯಬೇಕಾಗಿದೆಯೆಂದು ನೋಡೋಣ.