ಬೇಗಂ ಬಜಾರಿನ ಸೆಳೆತ

ಹೈದರಾಬಾದಿನಲ್ಲಿರುವ ನಮ್ಮೆಲ್ಲರನ್ನೂ ಹೊರನಾಡ ಕನ್ನಡಿಗರೆಂದು ಕರೆಯುವುದು ವಾಡಿಕೆ. ಬೆಂಗಳೂರು, ಧಾರವಾಡ, ಮಂಗಳೂರುಗಳಿಂದ ನೌಕರಿ ಹಿಡಿದು ಬಂದವರ ಮಟ್ಟಿಗೆ ಈ ಮಾತು ಸರಿಯೇ. ಆದರೆ 1956ಕ್ಕೆ ಮುಂಚೆ ಕಲಬುರಗಿ, ರಾಯಚೂರು, ಬೀದರಗಳಿಂದ ಬಂದು ಬೇಗಂ ಬಜಾರಿನ ಆಸುಪಾಸಿನಲ್ಲಿ ನೆಲೆನಿಂತವರ ಸಂಗತಿ ಬೇರೆ. ಅವರು ಬಂದದ್ದು ತಮ್ಮದೇ ರಾಜಧಾನಿಗೆ.

ಮೂಸಿ ನದಿಯ ಉತ್ತರಕ್ಕೆ, ಅಫ್ಜಲ್‌ಗಂಜಿನ ಬೆನ್ನಿಗೆ ಇರುವ ಈ ಪೇಟೆ ಎರಡನೆಯ ಅಸಫ್ ಜಾ ನಿಜಾಮ್ ಅಲಿ ಖಾನರ ಬೇಗಂ ವರ್ತಕರಿಗೆ ಕೊಟ್ಟ ಜಾಗದಲ್ಲಿ ಬೆಳೆಯಿತೆಂದು ಪ್ರತೀತಿ. ಹುಂಡಿ ವ್ಯವಹಾರದ ಗೋಸಾವಿಗಳು, ಮಾರವಾಡಿಗಳು, ಅಗರವಾಲರು ಇಲ್ಲಿ ಮೊದಲಿನಿಂದಲೂ ಗಟ್ಟಿ ಕುಳಗಳು. ಕನ್ನಡ ಸೀಮೆಯ ವ್ಯಾಪಾರಿಗೆ ಇಲ್ಲಿ ಸಗಟು ಸರಕು ಸಿಗುತ್ತಿತ್ತು. ಅದಕ್ಕಿಂತ ಮುಖ್ಯವಾಗಿ ಉದ್ದರಿ ಸಿಗುತ್ತಿತ್ತು.

ಸೋಲಾಪುರ ಹತ್ತಿರವಿರಲಿಲ್ಲವೇ ಎಂದು ಕೇಳಬಹುದು. ಕಲಬುರಗಿಯವರಿಗೆ ಅದು ಹೈದರಾಬಾದಿಗಿಂತ ಹತ್ತಿರ. ಆದರೆ ಸೋಲಾಪುರ ಬ್ರಿಟಿಷ್ ಸೀಮೆ. ಗಡಿ ದಾಟಿದರೆ ಕರೋಡ್‌ಗಿರಿ ನಾಕೆಯಲ್ಲಿ ಸುಂಕ ಕಟ್ಟಬೇಕು. ನಾಣ್ಯವೂ ಬೇರೆ: ನಿಜಾಮರ 7 ಹಾಲಿ ಸಿಕ್ಕಾ ರೂಪಾಯಿಗೆ ಹೆಚ್ಚುಕಡಿಮೆ 6 ಕಲ್ದಾರ. ಹೈದರಾಬಾದಿಗೆ ಬಂದರೆ ಗಡಿಯ ಸುಂಕವೂ ಇಲ್ಲ, ಹಣದ ವಟ್ಟವೂ ಇಲ್ಲ. ಇಂದು ನಮ್ಮ ಹುಡುಗರು ಅಮೆರಿಕದ ಟೆಕ್ಸಾಸಿನಲ್ಲಿ ಮನೆ ಮಾಡುವಾಗ ಅಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲವೆಂದು ಲೆಕ್ಕ ಹೇಳುತ್ತಾರೆ. ಅಜ್ಜಂದಿರು ಹಾಕಿದ ಲೆಕ್ಕವೂ ಅದೇ ಜಾತಿಯದು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂದ ಮೇಲೆ ದಾರಿಯ ಚಿಂತೆಯೂ ಕಳೆಯಿತು.

ವ್ಯಾಪಾರಿಯ ಹಿಂದೆ ವಕೀಲ, ವಕೀಲನ ಹಿಂದೆ ವಿದ್ಯಾರ್ಥಿ. ಮೂರು ಜಿಲ್ಲೆಗಳ ದಾವೆಗಳಿಗೂ ಹೈಕೋರ್ಟು ಇಲ್ಲಿಯೇ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಇಲ್ಲಿಯೇ. ಆದರೆ ಅಲ್ಲಿನ ಪಾಠವೆಲ್ಲ ಉರ್ದುವಿನಲ್ಲಿ. ಪದವಿ ಬೇಕಾದ ಕನ್ನಡದ ಹುಡುಗ ಭೌತಶಾಸ್ತ್ರವನ್ನೂ ಕಾನೂನನ್ನೂ ಉರ್ದುವಿನಲ್ಲೇ ಓದಬೇಕು. ಸಭೆ ಸೇರಿಸಬೇಕೆಂದರೆ ಗಸ್ತಿ 53ರ ಪ್ರಕಾರ ಮುಂಚಿತವಾಗಿ ಅನುಮತಿ ಪಡೆಯಬೇಕು. ಈ ಬಿಗಿಯಲ್ಲೂ ಸಾಹಿತ್ಯ ಸಮ್ಮೇಳನ 1928ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲೂ 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲೂ ನಡೆಯಿತು. ರಾಜಧಾನಿಯಲ್ಲಿ ಡಿ. ಕೆ. ಭೀಮಸೇನರಾಯರು ಉಸ್ಮಾನಿಯಾದಲ್ಲಿ ಕನ್ನಡ ಕಲಿಸಿದರು. ಕಾಚಿಗುಡಾದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ ಮತ್ತು ನೃಪತುಂಗ ಶಾಲೆ ಬೆಳೆದವು. ಬೇಗಂ ಬಜಾರಿನ ಮಕ್ಕಳಿಗೆ ಕನ್ನಡ ಅಕ್ಷರ ಸಿಗುವಂತಾದದ್ದು ಇಂಥ ಪ್ರಯತ್ನಗಳಿಂದಲೇ ಹೊರತು ದರ್ಬಾರಿನ ಔದಾರ್ಯದಿಂದಲ್ಲ. ನಿಜಾಮರ ಕಾಲವನ್ನು ಸುವರ್ಣಯುಗವೆಂದು ನೆನೆಯುವವರಿಗೆ ಇದು ಗೊತ್ತಿರಲಿ.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ ನಿಜಾಮರ ಆಳ್ವಿಕೆಯನ್ನು ಮುಗಿಸಿತು, ಆದರೆ ರಾಜ್ಯ ಇಡಿಯಾಗಿಯೇ ಉಳಿಯಿತು. ಅದು ಒಡೆದದ್ದು 1956ರ ನವೆಂಬರ್ 1ರಂದು. ತೆಲಂಗಾಣ ಆಂಧ್ರಕ್ಕೆ, ಮರಾಠವಾಡಾ ಮುಂಬಯಿಗೆ, ಕನ್ನಡ ಜಿಲ್ಲೆಗಳು ಮೈಸೂರಿಗೆ ಹೋದವು. ಏಕೀಕರಣಕ್ಕಾಗಿ ದುಡಿದವರಲ್ಲಿ ಹೈದರಾಬಾದಿನ ಕನ್ನಡಿಗರೂ ಇದ್ದರು. ಕನ್ನಡನಾಡು ಒಂದಾದ ದಿನ ಅವರ ಮನೆ ಮಾತ್ರ ಅದರ ಹೊರಗೆ ಉಳಿಯಿತು!

ಸರಕಾರಿ ನೌಕರರನ್ನು ಹೊಸ ರಾಜ್ಯಗಳಿಗೆ ಹಂಚಲಾಯಿತು. ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ನಡೆದವು. ಅಂಗಡಿಯವರಿಗೆ ಅಂಥ ಆದೇಶವೇನೂ ಬರಲಿಲ್ಲ. ಹೋಗುವುದೂ ಇರುವುದೂ ಅವರವರ ನಿರ್ಧಾರ. ಊರಿಗೆ ಮರಳಿದರೆ ವಸೂಲಾಗದ ಬಾಕಿ, ಪಗಡಿ ಕೊಟ್ಟು ಹಿಡಿದ ಮಳಿಗೆ, ಎರಡು ತಲೆಮಾರಿನ ಗಿರಾಕಿ ಎಲ್ಲವನ್ನೂ ಬಿಡಬೇಕು. ಇದ್ದರೆ ಮಕ್ಕಳು ಯಾವ ಭಾಷೆಯಲ್ಲಿ ಓದಬೇಕು? ಹಲವರು ಉಳಿದರು. ಅದೇ ವರ್ಷ ಕೇಂದ್ರ ಮಾರಾಟ ತೆರಿಗೆ ಕಾಯಿದೆಯೂ ಬಂತು. ನಿನ್ನೆಯವರೆಗೆ ಜಿಲ್ಲೆಯಿಂದ ಜಿಲ್ಲೆಗೆ ಹೋಗುತ್ತಿದ್ದ ಮೂಟೆ ಈಗ ಅಂತರರಾಜ್ಯ ಸರಕಾಯಿತು. ‘ಸಿ’ ಫಾರಮ್ಮಿನ ಆ ಕಾಟ 2017ರಲ್ಲಿ ಜಿಎಸ್‌ಟಿ ಬರುವ ತನಕ ನಡೆಯಿತು.

ಅತ್ತ ಕಡೆ ಸೆಳೆತದ ಹಳೆಯ ಕಾರಣಗಳು ಒಂದೊಂದಾಗಿ ಸಡಿಲವಾದವು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 2008ರಲ್ಲಿ ಕಲಬುರಗಿಗೆ ಹೈಕೋರ್ಟಿನ ಪೀಠ, 2013ರಿಂದ 371(ಜೆ) ಪ್ರಕಾರ ಶಿಕ್ಷಣ, ನೌಕರಿಗಳಲ್ಲಿ ಮೀಸಲಾತಿ. ಇವೆಲ್ಲ ಮೊದಲೇ ಬಂದಿದ್ದರೆ ನಮ್ಮಲ್ಲಿ ಎಷ್ಟು ಮಂದಿ ಇಲ್ಲಿರುತ್ತಿದ್ದೆವೋ ಹೇಳಲಾಗದು.

ಪೇಟೆಯ ಸೆಳೆತ ಮಾತ್ರ ಸಡಿಲವಾಗಿಲ್ಲ. ಬೀದರಿನವರು ಇಂದಿಗೂ ಮದುವೆಯ ಹಂಡೆ, ಕೊಪ್ಪರಿಗೆ, ಗೋಡಂಬಿ, ದ್ರಾಕ್ಷಿಗಳಿಗೆ ಸುಮಾರು ಏಳುನೂರು ಕಿಲೋಮೀಟರು ದೂರದ ಬೆಂಗಳೂರಿಗೆ ಹೋಗದೆ ಬೇಗಂ ಬಜಾರಿಗೇ ಬರುತ್ತಾರೆ. ಬಂದವರು ಸಾಮಾನಿನ ಜೊತೆಗೆ ಸಂಬಂಧಗಳ ಮಾತನ್ನೂ ಎತ್ತುತ್ತಾರೆ. ಇಲ್ಲಿನ ಹಳೆಯ ಮನೆಗಳಲ್ಲಿ ಗಂಡಸರ ಮಾತು ಹಿಂದಿ, ಉರ್ದುಗಳತ್ತ ವಾಲಿದೆ. ಮಕ್ಕಳಿಗೆ ಇಂಗ್ಲಿಷಿನ ಜೊತೆ ತೆಲುಗು ಬಂದಿದೆ. ಆದರೂ ಅಡುಗೆಮನೆಯಲ್ಲಿ ಕನ್ನಡ ಕೇಳಿಸುತ್ತಿದ್ದರೆ ಅದಕ್ಕೆ ಕಾರಣ ಭಾಲ್ಕಿ, ಹುಮನಾಬಾದ, ಸೇಡಂಗಳಿಂದ ಸೊಸೆಯಾಗಿ ಬಂದವರು. ನಮ್ಮ ಸಂಘಗಳ ಸನ್ಮಾನದ ಪಟ್ಟಿಯಲ್ಲಿ ಅವರ ಹೆಸರು ಇನ್ನೂ ಕಾಣಿಸಿಲ್ಲ.